ಎರಡು ನೂಲು ಹೆಚ್ಚು ಉದ್ದದ ಎಂಜಿನ್

ನಾನು ಒಂದು ರೈಲು ಎಂಜಿನ್. ಹಾಗೆಂದು ಹಳಿ ಬಿಟ್ಟು ಓಡಬೇಡಿ. ನನ್ನ ಉದ್ದ ಎರಡು ಅಡಿ, ಮೇಲೆ ಎರಡು ನೂಲು. ನೂಲು ಎಂದರೆ ಮರಗೆಲಸದವರ ಮಾತಿನಲ್ಲಿ ಇಂಚಿನ ಎಂಟನೇ ಒಂದು ಪಾಲು. ಆ ಎರಡು ನೂಲಿನ ಮೇಲೇ ನನ್ನ ಇಡೀ ಬದುಕು ನಿಂತಿದೆ. ಅದಕ್ಕೇ ಮೊದಲಿಗೇ ಹೇಳಿಬಿಟ್ಟೆ.

ಇಂಗ್ಲೆಂಡಿನಲ್ಲಿ ತಯಾರಾಗಿ, ಹಡಗು ಹತ್ತಿ ಬಂದು, ಮುಂಬಯಿ ಕಡೆಯ ಘಟ್ಟದಲ್ಲಿ ಮೇಲ್ ಗಾಡಿ ಎಳೆಯುತ್ತಿದ್ದ ಒಂದು ವಿದ್ಯುತ್ ಎಂಜಿನ್ನಿನ ಪಡಿಯಚ್ಚು ನಾನು. ಅಸಲಿ ಎಂಜಿನ್ ನಲವತ್ತೆಂಟು ಅಡಿ. ಅದರ ಒಂದು ಅಡಿಗೆ ನನ್ನಲ್ಲಿ ಅರ್ಧ ಇಂಚು. ಅದನ್ನು ಕಟ್ಟಿದ್ದು ಉಕ್ಕಿನಿಂದ. ನನ್ನನ್ನು ಕಟ್ಟಿದ್ದು ಸಾಗವಾನಿ ತುಂಡು, ಚಿಮಣಿ ಎಣ್ಣೆ ಡಬ್ಬಿಯ ತಗಡು, ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಮತ್ತು ನೂರಾರು ಟಾಚಣಿ, ಅಂದರೆ ಗುಂಡುಸೂಜಿಗಳಿಂದ. ಹುಟ್ಟಿದ್ದು ಬೆಳಗಾವಿಯ ಒಂದು ಕೇರಿಯಲ್ಲಿ, ಭರಮಪ್ಪ ಮೇತ್ರಿಯ ಮನೆಯ ಹೊಸ್ತಿಲ ಬೆಳಕಿನಲ್ಲಿ.

ಭರಮಪ್ಪ ಹರೆಯದಲ್ಲಿ ಮುಂಬಯಿ ಕಡೆಯ ಒಂದು ಎಂಜಿನ್ ಶೆಡ್ಡಿನಲ್ಲಿ ಖಲಾಸಿಯಾಗಿದ್ದ. ಎಂಜಿನ್ನಿನ ಕೆಳಗಿನ ಗುಂಡಿಯಲ್ಲಿ ನಿಂತು, ಕತ್ತು ಮೇಲೆತ್ತಿ, ಅದರ ಹೊಟ್ಟೆಗೆ ಮೆತ್ತಿದ ಗ್ರೀಸು ಕೆರೆಯುವ ಕೆಲಸ. ಆರು ವರ್ಷ ಕೆರೆದ. ಡ್ರೈವರನ ಕ್ಯಾಬಿನ್ ಒಳಗೆ ಕಾಲಿಡಲು ಒಂದು ದಿನವೂ ಬಿಡಲಿಲ್ಲ. ಹೀಗಾಗಿ ಆ ಎಂಜಿನ್ನಿನ ಮುಖಕ್ಕಿಂತ ಅದರ ಹೊಟ್ಟೆಯೇ ಅವನಿಗೆ ಹೆಚ್ಚು ಗೊತ್ತು. ಯಾವ ಪೈಪು ಎಲ್ಲಿ ಬಾಗುತ್ತದೆ, ಯಾವ ಬೋಲ್ಟಿಗೆ ಕೈ ಹೋಗುವುದಿಲ್ಲ, ಯಾವ ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತದೆ, ಎಲ್ಲ.

ಊರಿಗೆ ಮರಳಿದ ಮೇಲೆ ಒಂದು ಫೌಂಡ್ರಿ ಸೇರಿದ. ಅದರ ಹೆಸರು ಹೇಳುವುದಿಲ್ಲ. ಅವರು ಒಬ್ಬನ ಹೆಸರನ್ನು ಮೂವತ್ತೆಂಟು ವರ್ಷ ನುಂಗಿದರು. ಅವರ ಹೆಸರನ್ನು ನಾನೂ ಒಂದಿಷ್ಟು ಹೊತ್ತು ನುಂಗುತ್ತೇನೆ.

ಮೊದಲು ಮರಳು ಜರಡಿ ಹಿಡಿದ. ಆಮೇಲೆ ಪ್ಯಾಟರ್ನ್ ಶಾಪಿನಲ್ಲಿ ಕಸ ಗುಡಿಸಿದ. ಗುಡಿಸುತ್ತ ಗುಡಿಸುತ್ತ ಕೆಲಸ ಕಲಿತ. ಪ್ಯಾಟರ್ನ್ ಎಂದರೆ ಮರದ ಮಾದರಿ. ಅದನ್ನು ಮರಳಿಗೆ ಒತ್ತಿ ಅಚ್ಚು ತೆಗೆದು, ಅದರೊಳಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರುವಾಗ ಅಡಿಗೆ ಒಂದು ನೂಲು ಕುಗ್ಗುತ್ತದೆ. ಆದ್ದರಿಂದ ಮರದ ಮಾದರಿಯನ್ನು ಮೊದಲೇ ಅಷ್ಟು ದೊಡ್ಡದು ಮಾಡಬೇಕು. ಅದಕ್ಕೆಂದೇ ಪ್ಯಾಟರ್ನ್ ಮಾಡುವವರ ಸ್ಕೇಲು ಬೇರೆ. ಅದರ ಮೇಲೆ ಹನ್ನೆರಡು ಇಂಚು ಎಂದು ಗೆರೆ ಇರುತ್ತದೆ. ನಿಜಕ್ಕೂ ಅದು ಹನ್ನೆರಡು ಇಂಚಿನ ಮೇಲೆ ಒಂದು ನೂಲು ಉದ್ದ ಇರುತ್ತದೆ.

ಶಾಪಿನಲ್ಲಿ ಅಂಥ ಉಕ್ಕಿನ ಸ್ಕೇಲು ಒಂದೇ ಇತ್ತು, ಮೇಸ್ತ್ರಿಯ ಬೀಗ ಹಾಕಿದ ಕಪಾಟಿನಲ್ಲಿ. ಮೇಸ್ತ್ರಿ ಅದನ್ನು ಎಲ್ಲರ ಕೈಗೂ ಕೊಡುತ್ತಿದ್ದ, ಭರಮಪ್ಪನ ಕೈಗೆ ಮಾತ್ರ ಕೊಡುತ್ತಿರಲಿಲ್ಲ. ಯಾಕೆ ಎಂದು ಕೇಳಬೇಡಿ. ನಿಮಗೆ ಗೊತ್ತು. ಗೊತ್ತಿಲ್ಲ ಎನ್ನುವವರು, ಗೊತ್ತಿಲ್ಲದ ಹಾಗೆ ಇರುವುದನ್ನು ಮನೆಯಲ್ಲೇ ಕಲಿತವರು.

ಒಂದು ದಿನ ಊಟದ ಹೊತ್ತಿನಲ್ಲಿ ಸ್ಕೇಲು ಬೆಂಚಿನ ಮೇಲೇ ಉಳಿದಿತ್ತು. ಭರಮಪ್ಪ ಬುತ್ತಿ ಬಿಚ್ಚಲಿಲ್ಲ. ಒಂದು ಸಾಗವಾನಿ ಪಟ್ಟಿಯನ್ನು ಅದರ ಪಕ್ಕ ಇಟ್ಟು ಚಾಕುವಿನಿಂದ ಗೆರೆ ಕೊರೆಯತೊಡಗಿದ. ಆರು ಗೆರೆ ಮುಗಿದವು. ಏಳನೆಯದಕ್ಕೆ ಚಾಕು ಇಟ್ಟಾಗ ಬಾಗಿಲಲ್ಲಿ ಮೇಸ್ತ್ರಿಯ ಗಂಟಲು ಕೇಳಿತು: "ಯಾವನಲೇ ಅವಾ, ಸ್ಕೇಲ್ ಮುಟ್ಟಾವಾ?"

ಚಾಕು ಜಾರಿತು. ಏಳನೇ ಗೆರೆ ಅರ್ಧ ನೂಲು ಮುಂದೆ ಹೋಗಿ ಬಿತ್ತು.

ಬೈಗುಳ ತಿಂದ. ಮರುದಿನ ಊಟದ ಹೊತ್ತಿನಲ್ಲಿ ಮೇಸ್ತ್ರಿಯ ಕಣ್ಣು ತಪ್ಪಿಸಿ ಉಳಿದ ಐದು ಗೆರೆಯನ್ನೂ ಕೊರೆದ. ಮುಂದೆ ಇಪ್ಪತ್ತು ವರ್ಷ ಅದೇ ಅವನ ಸ್ಕೇಲು. ಫೌಂಡ್ರಿಯ ಕೆಲಸದಲ್ಲಿ ಏಳನೇ ಗೆರೆ ಬಂದಾಗ ಕಣ್ಣು ಕಿರಿದು ಮಾಡಿ, ಅರ್ಧ ನೂಲು ಹಿಂದೆ ಗುರುತು ಹಾಕುತ್ತಿದ್ದ. ಒಂದು ಪ್ಯಾಟರ್ನೂ ತಪ್ಪಲಿಲ್ಲ. ಮೇಸ್ತ್ರಿ ನಿವೃತ್ತನಾದ ಮೇಲೆ ಕಷ್ಟದ ಪ್ಯಾಟರ್ನುಗಳೆಲ್ಲ ಭರಮಪ್ಪನ ಬೆಂಚಿಗೇ ಬರುತ್ತಿದ್ದವು.

ಅಂಥವನು ಎರಡು ವರ್ಷದ ಭಾನುವಾರಗಳನ್ನೆಲ್ಲ ಕೂಡಿಸಿ ನನ್ನನ್ನು ಮಾಡಿದ. ಜೊತೆಗೆ ಕೂತವಳು ಮಗಳು ಕಸ್ತೂರಿ. ಆಗ ಅವಳಿಗೆ ಇಪ್ಪತ್ತು. ಅದೇ ಫೌಂಡ್ರಿಯ ಕೋರ್ ಶಾಪಿನಲ್ಲಿ ಹೆಂಗಸರ ಸಾಲಿನಲ್ಲಿ ನೆಲಕ್ಕೆ ಕೂತು, ಎರಕದೊಳಗೆ ಟೊಳ್ಳು ಬಿಡಿಸುವ ಮರಳಿನ ಗಟ್ಟಿಗಳನ್ನು ತಟ್ಟುತ್ತಿದ್ದಳು. ಆ ಗಟ್ಟಿ ಮುರಿಯದಿರಲೆಂದು ಒಳಗಿಡುವ ಸಣ್ಣ ತಂತಿಗಳಲ್ಲಿ ನಾಲ್ಕನ್ನು ತಂದು ಬಾಗಿಸಿ, ನನ್ನ ನೆತ್ತಿಯ ಮೇಲೆ ನಿಲ್ಲಿಸಿದವಳು ಅವಳೇ. ಮೇಲಿನ ವಿದ್ಯುತ್ ತಂತಿಯನ್ನು ಮುಟ್ಟುವ ಕೈ ಅದು. ಅದಿಲ್ಲದಿದ್ದರೆ ನಾನು ಬರೀ ಪೆಟ್ಟಿಗೆ.

ನನ್ನ ಸೊಂಟದ ಸುತ್ತ ಇಂಚಿಗೊಂದು ರಿವೆಟ್ಟು ಬೇಕಿತ್ತು. ಭರಮಪ್ಪ ತನ್ನ ಸ್ಕೇಲು ಇಟ್ಟು ಗುರುತು ಹಾಕಿದ. ಕಸ್ತೂರಿ ಟಾಚಣಿಯ ತಲೆ ಕತ್ತರಿಸಿ ಒಂದೊಂದೇ ಬಡಿದಳು. ಮಾಡುತ್ತಿದ್ದದ್ದು ಸ್ವಂತದ್ದು, ಬೆನ್ನ ಹಿಂದೆ ಯಾರ ಗಂಟಲೂ ಇರಲಿಲ್ಲ. ಭರಮಪ್ಪ ಕಣ್ಣು ಕಿರಿದು ಮಾಡುವುದನ್ನೇ ಮರೆತ.

"ಯಪ್ಪಾ, ಇಲ್ಲಿ ನೋಡು," ಅಂದಳು ಕಸ್ತೂರಿ. "ಆರನೇದ್ದು ಏಳನೇದ್ದರ ನಡುವ ಸಂದು ಬಿದ್ದೈತಿ. ಏಳು ಎಂಟು ಒಂದಕ್ಕೊಂದು ಹತ್ತರ ಸರದಾವು. ಮತ್ತ ಮುಂದಿನ ಅಡಿಯೊಳಗೂ ಹಂಗ ಆಗೇತಿ."

ಭರಮಪ್ಪ ಬಗ್ಗಿ ನೋಡಿದ. ನೋಡಿ ನಕ್ಕ. "ನಿನ್ನ ಹಲ್ಲಿನಂಗ ಆಗೇತಿ ನೋಡ ನನ್ನವ್ವ. ಇರ್ಲಿ ಬಿಡು. ನಗೂ ಎಂಜಿನ್."

ಕಸ್ತೂರಿಯ ಮುಂದಿನ ಎರಡು ಹಲ್ಲಿನ ನಡುವೆ ಸಂದು ಇತ್ತು. ಅವಳು ಸುತ್ತಿಗೆಯಿಂದಲೇ ಅಪ್ಪನ ಮೊಣಕಾಲಿಗೆ ಮೆಲ್ಲಗೆ ಬಡಿದಳು.

ಬಣ್ಣ ಆರಿದ ದಿನ ಮೋಲ್ಡರ್ ದಸ್ತಗೀರ ಬಂದ. ಮರಳಿನಲ್ಲಿ ಅಚ್ಚು ಒತ್ತುವವನು, ಭರಮಪ್ಪನ ಗೆಳೆಯ. ಸಾಮಾನ್ಯ ಟೇಪಿನಿಂದ ನನ್ನನ್ನು ಅಳೆದು ಹುಬ್ಬು ಏರಿಸಿದ. "ಭರಮಾ, ಎರಡ ನೂಲ ಜಾಸ್ತಿ ಐತಲ್ಲೋ ಇದು!"

ಭರಮಪ್ಪ ಹಣೆಗೆ ಕೈ ಹಚ್ಚಿಕೊಂಡ. ಎರಕ ಹೊಯ್ಯದ, ಎಂದೂ ಆರದ, ಎಂದೂ ಕುಗ್ಗದ ಒಂದು ವಸ್ತುವನ್ನು ಪ್ಯಾಟರ್ನ್ ಸ್ಕೇಲಿನಿಂದ ಅಳೆದು ಮಾಡಿಬಿಟ್ಟಿದ್ದ! ಪ್ಯಾಟರ್ನ್ ಮಾಡುವವನಲ್ಲದೆ ಬೇರೆ ಯಾರೂ ಮಾಡಲಾಗದ ತಪ್ಪು ಅದು. "ಇಪ್ಪತ್ತ ವರ್ಷದ ರೂಢಿ ಕೈಯಾಗ ಕುಂತೈತಿ ದಸ್ತಗೀರ, ಏಳಂದ್ರ ಏಳವಲ್ದು."

"ಹಂಗಾರ ಭಟ್ಟಿಯಾಗ ಒಂದ ಸುತ್ತ ಹಾಕಿ ತಗಿ. ಕುಗ್ಗಿ ಸರಿ ಆಗ್ತದ," ಅಂದ ದಸ್ತಗೀರ. ಮೂವರೂ ನಕ್ಕರು. ನಾನು ಪೂರ್ತಿ ಎಂಜಿನ್ ಆದ ಮೇಲಿನ ಮೊದಲ ನಗು ಅದು. ನನ್ನ ಮೇಲೆಯೇ.

ಆ ವರ್ಷದ ದಸರೆಯಲ್ಲಿ, ಖಂಡೆ ಪೂಜೆಯ ದಿನ ಫೌಂಡ್ರಿಯಲ್ಲಿ ಎಲ್ಲರೂ ತಮ್ಮ ತಮ್ಮ ಹತ್ಯಾರ ತೊಳೆದು ಸಾಲಾಗಿ ಇಟ್ಟರು. ಭರಮಪ್ಪ ತನ್ನ ಉಳಿ, ರಂಧ, ಸ್ಕೇಲಿನ ನಡುವೆ ನನ್ನನ್ನೂ ಇಟ್ಟು ಚೆಂಡುಹೂ ಏರಿಸಿದ. ನಾನು ಅವನ ಕೈಯಲ್ಲಿದ್ದ ಕೊನೆಯ ದಿನ ಅದು.

ಮಾಲಕ ವಾಮನರಾವ್ ಆರತಿ ಬೆಳಗುತ್ತ ಬಂದವರು ನನ್ನ ಮುಂದೆ ನಿಂತರು. ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿ ಬಂದವರು. ನನ್ನನ್ನು ಎತ್ತಿ ಬೆಳಕಿಗೆ ಹಿಡಿದರು. "ಯಾರ ಮಾಡಿದ್ದೋ ಇದು?"

"ನಾನರಿ ಸಾಹೇಬ್ರ."

"ಛಲೋ ಐತಿ. ಆಫೀಸಿನ್ಯಾಗ ಇರ್ಲಿ, ನಾಕ ಮಂದಿ ನೋಡ್ಲಿ. ನಿನ್ನ ಮನ್ಯಾಗ ಇದನ್ನ ಎಲ್ಲಿ ಇಡ್ತಿ?"

ಪೂಜೆಗೆ ಇಟ್ಟದ್ದನ್ನು ಮಾಲಕರು ಕೇಳಿದಾಗ ಕೊಡುವುದಿಲ್ಲ ಎಂದವರು ಆ ಫೌಂಡ್ರಿಯಲ್ಲಿ ಯಾರೂ ಇರಲಿಲ್ಲ. ಹೀಗೆ ನಾನು ಹಳದಿ ಹೂವಿನ ಸಮೇತ ಆಫೀಸು ಸೇರಿದೆ.

ಗಾಜಿನ ಪೆಟ್ಟಿಗೆ ಬಂತು. ಅದರೊಳಗಿಂದ ನಾನು ಒಂದು ಸುಳ್ಳು ಬೆಳೆಯುವುದನ್ನು ಕಣ್ಣಾರೆ ಕಂಡೆ. ಬಂದವರು ಕೇಳುತ್ತಿದ್ದರು, ಯಾರು ಮಾಡಿದ್ದು ಎಂದು. ಮೊದಲ ವರ್ಷ ವಾಮನರಾವ್ ಅಂದರು, "ನಮ್ಮ ಪ್ಯಾಟರ್ನ್ ಶಾಪಿನ್ಯಾಗ ಒಬ್ಬ ಅದಾನ, ಅವಾ ಮಾಡ್ಯಾನ." ಎರಡು ವರ್ಷ ಕಳೆದ ಮೇಲೆ, "ನಮ್ಮ ಫೌಂಡ್ರಿಯಾಗ ಮಾಡಿದ್ದು." ಇನ್ನಷ್ಟು ವರ್ಷಕ್ಕೆ, "ನಾನ ಮಾಡಿಸಿದ್ದು." ಕೊನೆಗೆ ಒಂದು ಮಧ್ಯಾಹ್ನ, ಚಹಾ ಆರುವ ಮೊದಲು, "ನಾನ ಮಾಡಿದ್ದರಿ. ಲಂಡನ್ನಿನ್ಯಾಗ ಕಲೀವಾಗ."

ಹಾಗೆ ಮೊದಲ ಸಲ ಅಂದಾಗ ಅವರು ಒಮ್ಮೆ ನನ್ನ ಕಡೆ ನೋಡಿದರು. ಎರಡನೇ ಸಲದಿಂದ ನೋಡಲಿಲ್ಲ. ಭೂಮಿ ಕದಿಯುವವರಿಗೆ ರಾತ್ರಿ ಬೇಕಾಗಬಹುದು. ಕೆಲಸ ಕದಿಯುವವರಿಗೆ ಹಗಲೇ ಸಾಕು, ಗಟ್ಟಿ ಧ್ವನಿ ಸಾಕು, ಎದುರಿಗೆ ತಲೆಯಾಡಿಸುವ ಇಬ್ಬರು ಸಾಕು.

ಭರಮಪ್ಪ ಒಮ್ಮೆ ಮಾತ್ರ ಬಂದ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಹತ್ತಿರವೇ ನಿಂತ. "ಸಾಹೇಬ್ರ, ಎಂಜಿನ್ ನಿಮ್ಮಲ್ಲೇ ಇರ್ಲಿರಿ. ಕೆಳಗ ಒಂದ ಚೀಟಿ ಮ್ಯಾಲ ನನ್ನ ಹೆಸರ ಬರಸ್ರಿ."

"ಹೆಸರ ಯಾತಕ್ಕೋ? ಫೌಂಡ್ರಿದು ಅಂದ್ರ ನಿಂದ ಅಲ್ಲೇನು?"

"ನಂದ ಆದ್ರ, ನನ್ನ ಹೆಸರ ಬರದ್ರ ಏನ ಅಡ್ಡಿ ಐತ್ರಿ?"

ವಾಮನರಾವ್ ಪೇಪರು ತಿರುವಿದರು. ಹೋಗುವಾಗ ಭರಮಪ್ಪ ಗಾಜಿನ ಮೇಲೆ ಒಂದು ಬೆರಳು ಇಟ್ಟ. ಆ ಬೆರಳಿನ ಗುರುತನ್ನು ಸಂಜೆ ಯಾರೋ ಒರೆಸಿದರು.

ಇಲ್ಲಿಂದ ಮುಂದಿನ ಕೆಲವು ಸಂಗತಿಗಳನ್ನು ನಾನು ಕಂಡದ್ದಲ್ಲ. ದಸ್ತಗೀರ ಆಮೇಲೆ ನನ್ನ ಮುಂದೆ ನಿಂತು ಎಷ್ಟೋ ಜನಕ್ಕೆ ಎಷ್ಟೋ ಸಲ ಹೇಳಿದ್ದಾನೆ, ಹಾಗಾಗಿ ಗೊತ್ತು. ಭರಮಪ್ಪನ ಎದೆಯಲ್ಲಿ ಫೌಂಡ್ರಿಯ ಧೂಳು ಕೂತಿತ್ತು. ಕೊನೆಯ ದಿನಗಳಲ್ಲಿ ಮಾತಿಗಿಂತ ಕೆಮ್ಮು ಹೆಚ್ಚು. ಸಾಗವಾನಿ ಸ್ಕೇಲನ್ನು ಕಸ್ತೂರಿಯ ಕೈಗಿಟ್ಟು ಅಂದನಂತೆ, "ಎಂಜಿನ್ ವಾಪಸ್ ಬ್ಯಾಡವಾ. ಹೆಸರ ಬರ್ಲಿ. ಅಷ್ಟ."

ಕಸ್ತೂರಿ ಆ ಸ್ಕೇಲನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಳು. ಕೋರ್ ಶಾಪಿನಲ್ಲಿ ಮೂವತ್ತು ವರ್ಷ ನೆಲಕ್ಕೆ ಕೂತಳು. ಓದು ನಾಲ್ಕನೇ ಇಯತ್ತೆಗೇ ನಿಂತಿತ್ತು. ಆದರೆ ಕೇರಿಯ ಸಮುದಾಯ ಭವನದಲ್ಲಿ ಭಾನುವಾರ ಹೆಂಗಸರು ಸೇರಿ ಓದುವ ಒಂದು ಬಳಗ ಇತ್ತು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ನಡುವೆ ತಡೆದು ಕೇಳುವುದು. ಮೊದಮೊದಲು ಅವಳು ಕೇಳುವವಳಾಗಿದ್ದಳು. ಆಮೇಲೆ ಓದುವವಳಾದಳು. ಅಲ್ಲಿ ಅವಳು ಕಲಿತದ್ದು ಒಂದೇ ಮುಖ್ಯ ಪ್ರಶ್ನೆ: ಇದನ್ನು ಯಾರು ಬರೆದರು, ಯಾರನ್ನು ಬಿಟ್ಟು ಬರೆದರು?

ಅಷ್ಟರಲ್ಲಿ ವಾಮನರಾವ್ ತೀರಿಕೊಂಡರು. ಮಗ ಅಜಿತರಾವ್ ಫೌಂಡ್ರಿ ಮುಚ್ಚಿದರು. ನನ್ನನ್ನು ಪಕ್ಕದ ಊರಿನಲ್ಲಿ ಹೊಸದಾಗಿ ತೆರೆದ ಯಂತ್ರ ಸಂಗ್ರಹಾಲಯಕ್ಕೆ ದಾನ ಕೊಟ್ಟರು. ನನ್ನ ಕಾಲ ಬಳಿ ಹಿತ್ತಾಳೆಯ ಫಲಕ ಕೂತಿತು: "ರಚನೆ: ಶ್ರೀ ವಾಮನರಾವ್, ಲಂಡನ್, ೧೯೫೮." ಪತ್ರಿಕೆಯಲ್ಲಿ ನನ್ನ ಫೋಟೋ ಬಂತು.

ಆ ಭಾನುವಾರ ಪತ್ರಿಕೆ ಓದುವ ಸರದಿ ಕಸ್ತೂರಿಯದು. ಫೋಟೋದ ಕೆಳಗಿನ ಸಾಲು ಅರ್ಧ ಓದಿ ನಿಂತಳಂತೆ. ಉಳಿದವರು "ಮುಂದ?" ಅಂದರಂತೆ.

"ಮುಂದ ಏನಿಲ್ಲ. ನಾನ ಹೋಗಬೇಕು," ಅಂದಳಂತೆ.

ಸಂಗ್ರಹಾಲಯದ ಅಧಿಕಾರಿ ವಸುಧಾ ಮೈಸೂರು ಕಡೆಯವರು. ಕಸ್ತೂರಿಯ ಮಾತನ್ನು ಪೂರ್ತಿ ಕೇಳಿದರು. ಕೊನೆಗೆ, "ನಿಮ್ಮ ಮಾತು ನಂಬಬೇಕು ಅನ್ಸುತ್ತಮ್ಮ. ಆದ್ರೆ ಏನಾದ್ರೂ ದಾಖಲೆ ಬೇಕಲ್ಲ? ಅವರ ಹತ್ರ ತಂದೆಯ ಲಂಡನ್ ಸರ್ಟಿಫಿಕೇಟ್ ಇದೆ," ಅಂದರು.

"ಕಾಗದ ನಮ್ಮ ಕಡೆ ಇಲ್ರಿ ಬಾಯಾರ. ಎಂಜಿನ್ನೇ ದಾಖಲೆ ಐತಿ. ಅವರನ್ನ ಕರಸ್ರಿ, ಎಲ್ಲಾರ ಮುಂದ ಅಳೀರಿ. ತಪ್ಪಿದ್ರ ನಾನ ಈ ಬಾಗಲಾ ಮತ್ತ ತುಳಿಯೂದಿಲ್ಲ."

ಒಂದು ಬೆಳಗ್ಗೆ ಹತ್ತು ಗಂಟೆಗೆ ನನ್ನ ಗಾಜು ತೆಗೆದರು. ಎಷ್ಟು ವರ್ಷದ ಮೇಲೆ ಗಾಳಿ ಮುಟ್ಟಿತು! ಮೇಜಿನ ಒಂದು ಕಡೆ ಅಜಿತರಾವ್. ಇನ್ನೊಂದು ಕಡೆ ಕಸ್ತೂರಿ, ಐವತ್ತೆಂಟರ ಹೆಂಗಸು, ತಲೆ ನರೆತಿದೆ. ನಕ್ಕರೆ ಅದೇ ಸಂದು. ಅವಳ ಪಕ್ಕ ಕೋಲು ಊರಿಕೊಂಡು ದಸ್ತಗೀರ.

ಅಜಿತರಾವ್ ವಸುಧಾ ಕಡೆ ತಿರುಗಿ, "ಈ ಹೆಣ್ಮಗಳು ಯಾರ್ರಿ?" ಅಂದರು.

"ನಿಮ್ಮ ಫೌಂಡ್ರಿಯಾಗ ಮೂವತ್ತ ವರ್ಷ ದುಡಿದಾಕಿರಿ," ಅಂದಳು ಕಸ್ತೂರಿ. "ನಿಮಗ ಗುರ್ತ ಸಿಗೂದಿಲ್ಲ. ನಾವು ಕೆಳಗ ಕುಂತಿರತಿದ್ವಿ."

ವಸುಧಾ ಉಕ್ಕಿನ ಸ್ಕೇಲು ಇಟ್ಟು ಅಳೆದರು. ಇಪ್ಪತ್ತನಾಲ್ಕು ಇಂಚು ಇರಬೇಕಾದಲ್ಲಿ ಇಪ್ಪತ್ತನಾಲ್ಕೂ ಕಾಲು. ಹನ್ನೆರಡು ಇರಬೇಕಾದ ಕಡೆ ಹನ್ನೆರಡರ ಮೇಲೆ ಒಂದು ನೂಲು. ಆರಿರಬೇಕಾದ ಕಡೆ ಅರ್ಧ ನೂಲು ಹೆಚ್ಚು.

"ಕೈಯಿಂದ ಮಾಡಿದ್ದರಿ. ಅಷ್ಟಿಷ್ಟು ಹೆಚ್ಚು ಕಮ್ಮಿ ಆಗೂದ," ಅಂದರು ಅಜಿತರಾವ್.

"ಕಮ್ಮಿ ಎಲ್ಲೈತ್ರಿ, ಸಾಹೇಬ್ರ?" ಅಂದ ದಸ್ತಗೀರ. "ಬರೇ ಹೆಚ್ಚ ಐತಿ. ಅದೂ ಲೆಕ್ಕದ ಪ್ರಕಾರ."

ಕಸ್ತೂರಿ ಸೀರೆಯ ತುಂಡು ಬಿಚ್ಚಿದಳು. ಸಾಗವಾನಿ ಪಟ್ಟಿ ಹೊರಗೆ ಬಂತು, ಹಿಡಿದು ಹಿಡಿದು ಕಪ್ಪಾಗಿ ನುಣುಪಾದದ್ದು. ನಾನು ಅದನ್ನು ಕೂಡಲೇ ಗುರುತಿಸಿದೆ. ನನ್ನ ಮೈಯ ಒಂದೊಂದು ಗೆರೆಯೂ ಅದರಿಂದಲೇ ಇಳಿದದ್ದಲ್ಲವೇ?

"ಈಗ ಇದರಲೆ ಅಳೀರಿ."

ಇಪ್ಪತ್ತನಾಲ್ಕು ಸರಿಯಾಗಿ ಇಪ್ಪತ್ತನಾಲ್ಕು. ಹನ್ನೆರಡು ಹನ್ನೆರಡೇ. ಆರು ಆರೇ. ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಕಬ್ಬಿಣ ಕುಗ್ಗುವುದು, ಅದಕ್ಕೆ ಬೇರೆ ಸ್ಕೇಲು ಬೇಕಾಗುವುದು, ಎಲ್ಲವನ್ನೂ ಕಸ್ತೂರಿ ವಿವರಿಸಿದಳು. ಅವಸರ ಮಾಡಲಿಲ್ಲ.

ಅಜಿತರಾವ್ ಸುಲಭಕ್ಕೆ ಬಿಡುವವರಲ್ಲ. "ಲಂಡನ್ನಿನ್ಯಾಗೂ ಪ್ಯಾಟರ್ನ್ ಸ್ಕೇಲ್ ಇರ್ತಾವ್ರಿ. ನಮ್ಮ ಅಪ್ಪಾರು ಅದರಲೇ ಮಾಡಿದ್ರು ಅಂತ ತಿಳೀರಿ."

"ಖರೆ ಐತ್ರಿ," ಅಂದಳು ಕಸ್ತೂರಿ. ಇದನ್ನೇ ಕಾಯುತ್ತಿದ್ದಳು. "ಬಾಯಾರ, ಸೊಂಟದ ಮ್ಯಾಲಿನ ರಿವೆಟ್ ಎಣಸ್ರಿ."

ವಸುಧಾ ಬಗ್ಗಿದರು. ಒಂದು, ಎರಡು, ಮೂರು. ಆರರ ನಂತರ ಬೆರಳು ತಡೆಯಿತು. ಸಂದು. ಏಳು, ಎಂಟು ಒತ್ತಾಗಿ. ಮತ್ತೆ ಸಮ. ಎರಡನೇ ಅಡಿಯಲ್ಲಿ ಅದೇ ಜಾಗಕ್ಕೆ ಅದೇ ಸಂದು. ಇನ್ನೊಂದು ಮಗ್ಗುಲು ತಿರುಗಿಸಿದರು. ಅಲ್ಲೂ ಎರಡು ಸಲ. ಕಸ್ತೂರಿ ಸಾಗವಾನಿ ಪಟ್ಟಿಯನ್ನು ರಿವೆಟ್ಟಿನ ಸಾಲಿಗೆ ಒತ್ತಿ ಹಿಡಿದಳು. ಜಾರಿದ ಏಳನೇ ಗೆರೆ ಜಾರಿದ ಏಳನೇ ರಿವೆಟ್ಟಿನ ಮೇಲೆ ಹೋಗಿ ಕೂತಿತು. ನಾಲ್ಕೂ ಕಡೆ.

ವಸುಧಾ ತಾವೇ ಪಟ್ಟಿ ಹಿಡಿದು ಇನ್ನೊಮ್ಮೆ ನೋಡಿದರು.

"ಈ ಗೆರಿ ಯಾಕ ಜಾರಿತು ಅಂತ ಹೇಳ್ಲೇನ್ರಿ?" ಅಂದಳು ಕಸ್ತೂರಿ. ಹೇಳಿದಳು. ಬೀಗದೊಳಗಿನ ಸ್ಕೇಲು, ಬಿಚ್ಚದ ಬುತ್ತಿ, ಬಾಗಿಲಲ್ಲಿ ಕೇಳಿದ ಆ ಗಂಟಲು. "ನಿಮ್ಮ ಅಪ್ಪಾರಿಗೆ ಲಂಡನ್ನಿನ್ಯಾಗ ಯಾರರೆ ಹಂಗ ಒದರಿದ್ರೇನ್ರಿ? ಸ್ಕೇಲ್ ಮುಟ್ಟಬ್ಯಾಡ ಅಂತ?"

ವಸುಧಾ ನನ್ನನ್ನು ಮೆಲ್ಲಗೆ ತಲೆಕೆಳಗು ಮಾಡಿದರು. ನನ್ನ ಹೊಟ್ಟೆ ಬೆಳಕಿಗೆ ಬಂತು. ಪೈಪು, ಬೋಲ್ಟು, ಎಣ್ಣೆಯ ತೊಟ್ಟಿ, ಯಾರೂ ನೋಡದ ಜಾಗದಲ್ಲಿ ಮುಖಕ್ಕಿಂತ ಹೆಚ್ಚಿನ ಕುಸುರಿ. "ಇಷ್ಟೆಲ್ಲ ಕೆಳಗೆ ಯಾಕೆ ಮಾಡಿದ್ರು?" ಅಂದರು ತಮಗೆ ತಾವೇ.

"ಅವಾ ಆರ ವರ್ಷ ನಿಂತಿದ್ದ ಅಲ್ಲೆ ಅಲ್ರಿ," ಅಂದ ದಸ್ತಗೀರ.

ಅಜಿತರಾವ್ ಎದ್ದರು. ಕ್ಷಮೆ ಕೇಳಲಿಲ್ಲ, ಅದನ್ನು ಯಾರೂ ನಿರೀಕ್ಷಿಸಿರಲೂ ಇಲ್ಲ. ಬಾಗಿಲ ಬಳಿ ತಿರುಗಿ, "ಫಲಕ ಬದಲಿ ಮಾಡ್ರಿ," ಅಂದು ಹೋದರು. ಮೂವತ್ತು ಚಿಲ್ಲರೆ ವರ್ಷ ಮೊದಲು ಒಂದು ಚೀಟಿಯಲ್ಲಿ ಮುಗಿಯುತ್ತಿದ್ದ ಕೆಲಸ.

ಹೊಸ ಫಲಕದ ಒಕ್ಕಣೆಯನ್ನು ವಸುಧಾ ಓದಿ ಹೇಳಿದರು. "ರಚನೆ: ಭರಮಪ್ಪ ಮೇತ್ರಿ, ಪ್ಯಾಟರ್ನ್ ಮೇಕರ್, ಬೆಳಗಾವಿ, ೧೯೭೬. ಅಳತೆಯಲ್ಲಿ ಶೇಕಡಾ ಒಂದರಷ್ಟು ದೋಷವಿದೆ."

"ದೋಷ ಅಂತ ಬರೀಬ್ಯಾಡ್ರಿ ಬಾಯಾರ," ಅಂದಳು ಕಸ್ತೂರಿ. "ಸಹಿ ಅಂತ ಬರೀರಿ."

ಫಲಕ ಕೂಡಿಸಿದ ದಿನ ಫೌಂಡ್ರಿಯ ಹಳಬರು ಎರಡು ಟೆಂಪೊ ತುಂಬಿ ಬಂದರು. ಮೋಲ್ಡರುಗಳು, ಭಟ್ಟಿಯವರು, ಕೋರ್ ಶಾಪಿನ ಹೆಂಗಸರು. ಹಲಗೆ ಬಾರಿಸುತ್ತಲೇ ಒಳಗೆ ಬಂದರು. ಕಾವಲುಗಾರ ಸದ್ದು ಮಾಡಬೇಡಿ ಅಂದ. ಮತ್ತಷ್ಟು ಜೋರಾಗಿ ಬಾರಿಸಿದರು. ವಸುಧಾ ಕಾವಲುಗಾರನನ್ನೇ ಆಚೆ ಕರೆದರು.

ದಸ್ತಗೀರ ಫಲಕವನ್ನು ಒಂದು ಸಲ ಓದಿದ, ಎರಡು ಸಲ ಓದಿದ, ಕೋಲಿನಿಂದ ನೆಲ ಕುಟ್ಟಿದ. "ಏ ಕಸ್ತೂರಿ! ಇಲ್ಲಿ ಬಾ. ಈ ನೆತ್ತಿ ಮ್ಯಾಲಿನ ತಂತಿ ಯಾರು ತಂದು ಬಾಗಿಸಿದ್ರು?"

"ನಾನ, ಕಾಕಾ."

"ರಿವೆಟ್ ಯಾರ ಬಡಿದ್ರು?"

"...ನಾನ."

"ಮತ್ತ ನಿನ್ನ ಹೆಸರ ಎಲ್ಲೈತಿ? ಅಪ್ಪನ ಹೆಸರ ನುಂಗಿದ್ರು ಅಂತ ಊರೆಲ್ಲಾ ಒಂದ ಮಾಡಿದಿ, ಒಬ್ಬಾಕಿ ಹೆಸರ ನೀನ ನುಂಗಿದಿಯಲ್ಲವಾ! ಫೌಂಡ್ರಿ ಮುಚ್ಚಿದ ಮ್ಯಾಲ ನೀ ಸಣ್ಣ ಮಾಲಕಿ ಆದೇನ?"

ಕೋರ್ ಶಾಪಿನ ಹೆಂಗಸರು ಹೋ ಎಂದರು. ಕಸ್ತೂರಿಯ ಮುಖ ಕೆಂಪಾಯಿತು. ಮೂವತ್ತೆಂಟು ವರ್ಷ ಒಂದು ಹೆಸರಿಗಾಗಿ ಕಾದವಳಿಗೆ, ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆ ಎಂದು ಹೊಳೆದೇ ಇರಲಿಲ್ಲ. ಯಾರ ಕೆಲಸವನ್ನು ಎಲ್ಲರೂ ಮರೆಯುತ್ತಾರೋ, ಅವರು ತಮ್ಮನ್ನು ತಾವೂ ಮರೆಯುವ ಹಾಗೆ ತಯಾರಾಗಿರುತ್ತಾರೆ. ಆ ಅಚ್ಚು ಒಡೆಯುವುದು ಎಲ್ಲಕ್ಕಿಂತ ಕಷ್ಟ. ಆ ದಿನ ಅದೂ ಒಡೆಯಿತು, ನಗೆಯ ನಡುವೆ.

ಈಗ ನಾನು ಗಾಜಿನ ಪೆಟ್ಟಿಗೆ ಇಲ್ಲದೆ ಕಿಟಕಿ ಪಕ್ಕದ ಮೂಲೆಯಲ್ಲಿದ್ದೇನೆ. ಬಣ್ಣ ಅಲ್ಲಲ್ಲಿ ಸಿಪ್ಪೆ ಎದ್ದಿದೆ, ಒಂದು ಚಕ್ರ ಸಡಿಲ. ನನ್ನ ಕೆಳಗೊಂದು ಕನ್ನಡಿ ಇಟ್ಟಿದ್ದಾರೆ, ಬಂದವರು ಮೊದಲು ನನ್ನ ಹೊಟ್ಟೆ ನೋಡಲಿ ಎಂದು. ಪಕ್ಕದಲ್ಲಿ ಸಾಗವಾನಿ ಸ್ಕೇಲು ಮಲಗಿದೆ. ಅದಕ್ಕೆ ಬೀಗವಿಲ್ಲ, ಯಾರು ಬೇಕಾದರೂ ಮುಟ್ಟಬಹುದು ಎಂದು ಕಸ್ತೂರಿಯೇ ಹೇಳಿ ಬರೆಯಿಸಿದ್ದಾಳೆ. ಜನ ಅದನ್ನು ಎತ್ತಿ ನನ್ನ ಸೊಂಟಕ್ಕೆ ಹಿಡಿಯುತ್ತಾರೆ, ಏಳನೇ ಗೆರೆ ಏಳನೇ ರಿವೆಟ್ಟಿಗೆ ಕೂತ ಕೂಡಲೇ "ಓಹೋ" ಅನ್ನುತ್ತಾರೆ. ಆ ಓಹೋ ಕೇಳಿದಾಗಲೆಲ್ಲ ನಾನು ಇನ್ನೊಂದು ಘಟ್ಟ ಹತ್ತಿದಂತೆ.

ಫಲಕದಲ್ಲಿ ಈಗ ಎರಡನೇ ಸಾಲೂ ಇದೆ: "ರಿವೆಟ್ಟು ಮತ್ತು ಮೇಲಿನ ತಂತಿ: ಕಸ್ತೂರಿ ಮೇತ್ರಿ, ಕೋರ್ ಶಾಪ್." ಅದನ್ನು ಮೊದಲ ಸಲ ಓದಲು ಅವಳು ಒಬ್ಬಳೇ ಬಂದಿದ್ದಳು. ಕನ್ನಡಕ ಹಾಕಿ, ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು, ಗಟ್ಟಿಯಾಗಿ, ಬಳಗದಲ್ಲಿ ಓದುವ ಹಾಗೆ. ಓದಿ ಮುಗಿಸಿ ನಕ್ಕಳು. ಆ ನಗು ಕೆಳಗಿನ ಕನ್ನಡಿಯಲ್ಲಿ ಬಿತ್ತು, ಅಲ್ಲಿಂದ ನನ್ನ ಕಡೆ ತಿರುಗಿತು. ಅವಳ ಹಲ್ಲಿನ ಸಂದೂ ನನ್ನ ರಿವೆಟ್ಟಿನ ಸಂದೂ ಎದುರುಬದುರು ನಿಂತವು.

ಭರಮಪ್ಪ ಹೇಳಿದ್ದು ನಿಜ. ನಾನು ನಗುವ ಎಂಜಿನ್.